ಒಂದು ಹಾಳಿ ತಿರುವು

ಯಾದಗಿರಿಯಿಂದ ಪ್ಯಾಸೆಂಜರ್ ಹಿಡಿದು
ನಾಲವಾರದಲ್ಲಿ ಎರಡು ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು
ವಾಡಿಯಲ್ಲಿ ಇಳಿದಾಗ ಹನ್ನೊಂದರ ಬಿಸಿಲು.
ರೈಲ್ವೆ ಕಾಲೋನಿಯ ಹಳೇ ಹಾಲಿನಲ್ಲಿ
ಹಳೇ ಸಾಮಾನು ಜೋಡಿಸಿಟ್ಟಿದ್ದಾರಂತೆ,
ಹತ್ತು ರೂಪಾಯಿ, ಮಕ್ಕಳಿಗೆ ಐದು.
ನಂದೂಗೆ ರಜೆ, ಅವಳಪ್ಪ ದೇವಿಂದ್ರನಿಗೆ ಐತವಾರ.
ಅತ್ತಿ ಲಾಲಮ್ಮ ಮಾತ್ರ
ಯಾರೂ ಕರೆಯದೆಯೇ ಸೀರೆ ಬದಲಿಸಿ
ನಸುಕಿನಿಂದ ಹೊಸ್ತಿಲಲ್ಲಿ ಕೂತಿದ್ದಳು.

ಬಾಗಿಲ ಹೊರಗೆ ಇಂಜಿನ್ನು.
ಹೊಸ ಕರಿ ಬಣ್ಣ, ಗಾಲಿಗೆ ಕೆಂಪು,
ಮದುಮಗನ ಹಾಗೆ ನಿಂತಿತ್ತು.
ಅತ್ತಿ ಅದರ ಹೊಟ್ಟೆಯಡಿ ಬೆರಳು ಸವರಿ
ಬೆಳಕಿಗೆ ಹಿಡಿದಳು.
‘ಮಸೀನೇ ಇಲ್ಲಲ್ಲ’ ಎಂದು
ಇಲ್ಲದ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು.

ಒಳಗೆ ಶಹಾಬಾದಿ ಕಲ್ಲಿನ ನೆಲ ತಂಪು.
ಕೆಂಪು ಹಸಿರು ಕಂದೀಲು, ಹಳಿಯ ತುಂಡಿನ ಗಂಟೆ,
ಬೆತ್ತದ ಬಳೆಗೆ ಸಿಕ್ಕಿಸಿದ ಟೋಕನ್ನು,
ಚಿತ್ತಾಪುರಕ್ಕೆ ಹೋಗಿಬರುವ ಬೆರಳುದ್ದದ ರಟ್ಟಿನ ಟಿಕೇಟು,
ಯಾರೂ ಹೋಗದೆ ಉಳಿದದ್ದು.
ನಂದೂ ಪಾರ್ಸೆಲ್ ತಕ್ಕಡಿ ಹತ್ತಿ ಕುಣಿದಳು,
ಮುಳ್ಳು ಅಲುಗಲಿಲ್ಲ.
ದೇವಿಂದ್ರ ಎಲ್ಲದಕ್ಕೂ ಮೊಬೈಲ್ ಎತ್ತಿದ.
ನಾನು, ಖರೆ ಹೇಳಬೇಕೆಂದರೆ,
ಬುತ್ತಿ ಎಲ್ಲಿ ಬಿಚ್ಚುವುದೆಂದು ನೋಡುತ್ತಿದ್ದೆ.

ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ವಹಿ,
ನಡುವೆ ತೆರೆದದ್ದು.
‘ಏನದಾ ಇದರಾಗ?’
ನಂದೂ ಗಾಜಿಗೆ ಮೂಗು ಒತ್ತಿ ಚೀಟಿ ಓದಿದಳು:
ಕಲ್ಲಿದ್ದಲು ಕಳವು, ದಂಡದ ವಹಿ.
ಹೆಸರು, ಗಂಡನ ಹೆಸರು, ಎಷ್ಟು ಕಿಲೊ, ಎಷ್ಟು ದಂಡ.
ಬಲಕ್ಕೆ ಹೆಬ್ಬೆರಳುಗಳ ನೀಲಿ ಸಾಲು.
ಹುಸೇನಬೀ. ಬಸ್ಸಮ್ಮ. ಮೋನಮ್ಮ. ಮತ್ತೆ ಬಸ್ಸಮ್ಮ.
ಮದುವೆ ಮನೆಯಲ್ಲಿ ಆಯೇರಿ ಓದುವಾಗ ಕೇಳುವಂತೆ
ಒಂದೊಂದು ಹೆಸರಿಗೂ ಅತ್ತಿ ತಲೆಯಾಡಿಸಿದಳು.
‘ಮೋನಮ್ಮ ಓಡಾದ್ರಾಗ ಜಾಣಿ.
ಆಕಿ ಹ್ಯಾಂಗ ಸಿಕ್ಕಳೋ.’

ಆಮೇಲೆ ಕಾವಲಿನ ಹುಡುಗನ ಕಡೆ ತಿರುಗಿ:
‘ತಮ್ಮಾ, ಒಂದು ಹಾಳಿ ತಿರುವು.
ಮುಂದಿನ ಹಾಳಿ.
ಲಾಲಮ್ಮ, ಗಂಡ ಸಾಬಣ್ಣ. ಎರಡು ರೂಪಾಯಿ.’

‘ಅವ್ವಾ, ಮಂದಿ ನೋಡ್ಲತ್ತಾರ,’ ಎಂದ ದೇವಿಂದ್ರ ಹಲ್ಲು ಕಚ್ಚಿ.
ಮಂದಿ ಎಂದರೆ ಒಬ್ಬ ಮಾಸ್ತರ,
ಬೆಂಚಿನ ಮೇಲೆ ನಿದ್ದೆ ಹೋದ ಅವನ ಮಗ.
‘ನೋಡ್ಲಿ ಬಿಡು. ನೀನೂ ಇದ್ದಿ ಅವತ್ತು,
ಏಳು ತಿಂಗಳಾಗಿದ್ದಿ ಹೊಟ್ಟ್ಯಾಗ.
ಪೋಲೀಸನವ ಬುಟ್ಟಿ ಕಸಗೊಂಡ,
ನಿನ್ನ ನೋಡಿ ಬಡೀಲಿಲ್ಲ,
ಬರೀ ಬರಕೊಂಡ.’

ಅತ್ತಿಯ ತವರು ವಾಡಿಯೆಂದು ಗೊತ್ತಿತ್ತು.
ಇದು ಗೊತ್ತಿರಲಿಲ್ಲ.
ಹನ್ನೆರಡು ವರ್ಷದಿಂದ ಹೇಳುತ್ತಾಳೆ ನನಗೆ,
‘ಗ್ಯಾಸು ಸಣ್ಣ ಮಾಡು, ಬೆಂಕಿ ಪುಕ್ಕಟ ಬರಲ್ಲ.’
ಹನ್ನೆರಡು ವರ್ಷದಿಂದ ನಾನು
ನನ್ನ ತವರಿಗೇ ಚುಚ್ಚುತ್ತಾಳೆಂದು ಉರಿದುಕೊಂಡಿದ್ದೆ.

ದೇವಿಂದ್ರ ಮೊಬೈಲು ಕಿಸೆಗಿಟ್ಟ.
ಹುಡುಗನ ಹತ್ತಿರ ಹೋಗಿ ತಾನೇ ಕೇಳಿದ, ಮೆಲ್ಲಗೆ.
ಕೀಲಿ ಸೊಲ್ಲಾಪುರದ ಸಾಹೇಬರ ಬಳಿ ಇದೆ.
ಯಾವಾಗ ಬರುತ್ತಾರೆ?
ಬಂದಾಗ ಬರುತ್ತಾರೆ.
ಅತ್ತಿ ಗಾಜಿನ ಮೇಲೆ ಹೆಬ್ಬೆರಳು ಒತ್ತಿ
ಸ್ವಲ್ಪ ಹೊತ್ತು ಹಾಗೇ ಹಿಡಿದಳು.
ನಾವು ಬಾಗಿಲು ದಾಟುವುದರೊಳಗೆ
ಹುಡುಗ ಅರಿವೆ ತಂದು ಒರೆಸಿದ.

ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಬುತ್ತಿ ಬಿಚ್ಚಿದೆವು,
ಸಜ್ಜಿ ರೊಟ್ಟಿ, ಪುಂಡಿಪಲ್ಯ.
ಕಲ್ಲಿದ್ದಲ ಗೂಡ್ಸು ಹಾದುಹೋಯಿತು,
ನಂದೂ ಐವತ್ತೆಂಟು ಡಬ್ಬಿ ಎಣಿಸಿದಳು.
ಕಡೆಯದು ದಾಟಿದ ಮೇಲೆ ಪ್ಲಾಟ್‌ಫಾರ್ಮಿನ ಅಂಚಿಗೆ
ಬೆಲ್ಲದ ಹೆಂಟೆಯಷ್ಟು ಕರಿ ತುಂಡು.
ನಂದೂ ಬಗ್ಗಿದಳು.
‘ಏ, ಬಿಡು,’ ಎಂದ ಅವಳಪ್ಪ.
ಅತ್ತಿ ಬಾಯೊಳಗಿನ ತುತ್ತು ನುಂಗಿ ಹೇಳಿದಳು:
‘ಮದಲ ಆ ಕಡಿ ಈ ಕಡಿ ನೋಡಬೇಕವ್ವಾ.
ಆಮ್ಯಾಗ ಬಗ್ಗಬೇಕು.’